ಸ್ಪೀಡೋಮೀಟರ್ 100, ಜಿಪಿಎಸ್ 95: ಮೀಟರ್ ಸರಿಯಿದೆಯೇ ಎಂದು ಪರೀಕ್ಷಿಸುವುದು ಹೇಗೆ?

ಪ್ರಶ್ನೆ: ಹೆದ್ದಾರಿ48

ಪೆಟ್ರೋಲ್ ಹ್ಯಾಚ್‌ಬ್ಯಾಕ್, ಕಂಪನಿ ಕೊಟ್ಟ ಅಳತೆಯದೇ ಟೈರು, 185/65 ಆರ್15. ಅರ್ಧಕ್ಕಿಂತ ಹೆಚ್ಚು ಸವೆದಿದೆ. ಮುಳ್ಳು 100ರಲ್ಲಿ ನಿಂತಾಗ ಫೋನಿನ ಜಿಪಿಎಸ್ 95 ತೋರಿಸುತ್ತದೆ, 60ರಲ್ಲಿ ನಿಂತಾಗ 57. ಯಾವುದನ್ನು ನಂಬಬೇಕು? ಫೋನ್ ಬಿಟ್ಟು ಬೇರೆ ದಾರಿಯಲ್ಲಿ ಖಚಿತ ಮಾಡಿಕೊಳ್ಳಬಹುದೇ? ಇದು ರಿಪೇರಿ ಮಾಡಿಸಬೇಕಾದ ದೋಷವೇ? ಟೈರ್ ಬದಲಿಸುವ ಕಾಲ ಹತ್ತಿರ ಬಂದಿದೆ, 195/65 ಹಾಕಿಸುವ ಯೋಚನೆ ಇದೆ. ಹಾಕಿಸಿದರೆ ಮೀಟರ್ ಇನ್ನೆಷ್ಟು ತಪ್ಪುತ್ತದೆ?

ಉತ್ತರ: ಮುಳ್ಳುಮೀಟರ್

ಜಿಪಿಎಸ್ ನಂಬಿ. ಆದರೆ ನಿಮ್ಮ ಮೀಟರ್ ಕೆಟ್ಟಿಲ್ಲ. ಸ್ಪೀಡೋಮೀಟರ್ ಸ್ವಲ್ಪ ಹೆಚ್ಚು ತೋರಿಸುವಂತೆ ಬೇಕೆಂದೇ ಮಾಡಿರುತ್ತಾರೆ. ವಿಶ್ವಸಂಸ್ಥೆಯ ವಾಹನ ನಿಯಮ 39ರ ಪ್ರಕಾರ ಕಾರಿನ ಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸುವಂತೆಯೇ ಇಲ್ಲ. ಹೆಚ್ಚು ತೋರಿಸಬಹುದು, ಅದಕ್ಕೂ ಮಿತಿ ಇದೆ: ನಿಜ ವೇಗದ ಹತ್ತನೇ ಒಂದು ಭಾಗ, ಅದರ ಮೇಲೆ 4 ಕಿ.ಮೀ. ಅಂದರೆ ಗಾಡಿ ನಿಜಕ್ಕೂ 80ರಲ್ಲಿ ಓಡುವಾಗ ಮೀಟರ್ 80ರಿಂದ 92ರೊಳಗೆ ಏನು ತೋರಿಸಿದರೂ ಪಾಸು. ನಿಜ ವೇಗ 95 ಇದ್ದಾಗ ಮೇಲಿನ ಮಿತಿ 108.5. ನಿಮ್ಮದು 100.

ಟೈರ್ ಹೊಸದಾಗಲಿ, ಗಾಳಿ ಹೆಚ್ಚಾಗಲಿ, ಗ್ರಾಹಕ ತುಸು ದೊಡ್ಡ ಟೈರ್ ಹಾಕಲಿ, ಮೀಟರ್ ನಿಜ ವೇಗಕ್ಕಿಂತ ಕೆಳಗೆ ಇಳಿಯಬಾರದು. ಅದಕ್ಕಾಗಿ ತಯಾರಕರು ಮೊದಲೇ ಸ್ವಲ್ಪ ಮೇಲೆ ಇಟ್ಟಿರುತ್ತಾರೆ. ಇದನ್ನು ಕಳ್ಳಲೆಕ್ಕ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ದಂಡದಿಂದಲೂ ಅಪಘಾತದಿಂದಲೂ ಒಂದಿಷ್ಟು ಉಳಿಸುವ ಅಂತರ ಅದು.

ಜಿಪಿಎಸ್ ಓದುವಾಗ ಕೆಲವು ವಿಷಯ ಗಮನಿಸಿ. ಫೋನು ವೇಗವನ್ನು ಮುಖ್ಯವಾಗಿ ಉಪಗ್ರಹ ಸಂಕೇತದ ಡಾಪ್ಲರ್ ಬದಲಾವಣೆಯಿಂದ (ಚಲನೆಯಿಂದಾಗಿ ಸಂಕೇತದ ಆವರ್ತನದಲ್ಲಿ ಆಗುವ ವ್ಯತ್ಯಾಸ) ಲೆಕ್ಕ ಹಾಕುತ್ತದೆ. ಬಯಲಲ್ಲಿ ಸ್ಥಿರ ವೇಗದಲ್ಲಿ ಅದು ಬಲು ನಿಖರ, ಆದರೆ ಒಂದೆರಡು ಸೆಕೆಂಡು ಹಿಂದೆ ಇರುತ್ತದೆ. ಆಕ್ಸಿಲರೇಟರ್ ಒತ್ತುತ್ತಾ ಹೋಲಿಸಿದರೆ ಇಲ್ಲದ ವ್ಯತ್ಯಾಸ ಕಾಣುತ್ತದೆ. ಕ್ರೂಸ್ ಕಂಟ್ರೋಲ್ ಇದ್ದರೆ ಹಾಕಿ, ಕನಿಷ್ಠ ಹತ್ತು ಸೆಕೆಂಡು ಅಂಕಿ ಅಲುಗಾಡದೆ ನಿಂತ ಮೇಲೆ ಪಕ್ಕದ ಸೀಟಿನವರು ಬರೆದುಕೊಳ್ಳಲಿ. ಅವರು ಮುಳ್ಳನ್ನು ಓರೆಯಿಂದ ನೋಡುವುದರಿಂದ 2–3 ಕಿ.ಮೀ. ತಪ್ಪಿ ಓದಬಹುದು. ಆದ್ದರಿಂದ ಡಿಜಿಟಲ್ ಅಂಕಿ ಇದ್ದರೆ ಅದನ್ನೇ ಓದಲಿ, ಇಲ್ಲದಿದ್ದರೆ ಮುಳ್ಳು ಗೆರೆಗೆ ಬಂದಾಗ ಚಾಲಕರೇ ಹೇಳಲಿ. ಶಿರಾಡಿ ಘಾಟಿಯಂಥ ಕಡೆ ಪರೀಕ್ಷೆ ಬೇಡ. ಏರಿಳಿತದಿಂದ ಆಗುವ ತಪ್ಪು ನಗಣ್ಯ, ತೊಂದರೆ ಕೊಡುವುದು ಮರಗಳು ಮತ್ತು ತಿರುವುಗಳು. ಹಿರಿಯೂರು–ಚಿತ್ರದುರ್ಗದ ನಡುವಿನ ಬಯಲು ಹೇಳಿ ಮಾಡಿಸಿದ ಜಾಗ.

ಇನ್ನೊಂದು ಮಾತು. ಪರೀಕ್ಷೆಯ ಹೊತ್ತಿಗೆ ಫೋನನ್ನು ಕಾರಿನ ಪರದೆಯಿಂದ ಬಿಡಿಸಿಡಿ. ಆಂಡ್ರಾಯ್ಡ್ ಆಟೋ, ಕಾರ್‌ಪ್ಲೇ ಜೋಡಿಸಿದಾಗ ಕೆಲವು ಗಾಡಿಗಳು ತಮ್ಮ ವೇಗದ ಮಾಹಿತಿಯನ್ನೂ ಫೋನಿಗೆ ಕಳಿಸುತ್ತವೆ. ಆಗ ಮೀಟರನ್ನು ಮೀಟರಿನಿಂದಲೇ ಅಳೆದಂತೆ ಆಗುತ್ತದೆ.

ಉತ್ತರ: ಹಳದಿಕಲ್ಲು

ಫೋನ್ ಇಲ್ಲದೆ ಮಾಡುವ ದಾರಿ ಕೇಳಿದ್ದೀರಿ. ಕಿಲೋಮೀಟರ್ ಕಲ್ಲು, ಸ್ಟಾಪ್‌ವಾಚ್ ಸಾಕು. 3600ನ್ನು ಒಂದು ಕಿಲೋಮೀಟರಿಗೆ ಹಿಡಿದ ಸೆಕೆಂಡುಗಳಿಂದ ಭಾಗಿಸಿದರೆ ವೇಗ. 60ಕ್ಕೆ 60 ಸೆಕೆಂಡು, 80ಕ್ಕೆ 45, 100ಕ್ಕೆ 36.

ಒಂದೇ ಕಿಲೋಮೀಟರಿಗೆ ನಿಲ್ಲಿಸಿಬಿಡುವುದು ಎಲ್ಲರೂ ಮಾಡುವ ತಪ್ಪು. 80ರಲ್ಲಿ ಒಂದು ಸೆಕೆಂಡು ಹೆಚ್ಚುಕಡಿಮೆ ಒತ್ತಿದರೆ 2% ಗಿಂತ ಹೆಚ್ಚು ತಪ್ಪು, ನೀವು ಹುಡುಕುತ್ತಿರುವ ವ್ಯತ್ಯಾಸದ ಅರ್ಧ ಅದರಲ್ಲೇ ಮುಳುಗಿತು. 5 ಕಿ.ಮೀ. ತೆಗೆದುಕೊಳ್ಳಿ, ಅದೇ ಒಂದು ಸೆಕೆಂಡು ಅರ್ಧ ಶೇಕಡಾದೊಳಗೆ ಇಳಿಯುತ್ತದೆ. ಆಗ 18000 ಭಾಗಿಸು ಸೆಕೆಂಡು. ನಿಮ್ಮ ಮುಳ್ಳು 80ರಲ್ಲಿ ನಿಂತಿದ್ದು 237 ಸೆಕೆಂಡು ಹಿಡಿದರೆ ನಿಜ ವೇಗ 76. ಎರಡು ಕಡೆಯೂ ಗಾಡಿಯ ಒಂದೇ ಭಾಗ, ಉದಾಹರಣೆಗೆ ಬಾಗಿಲ ಕಂಬ, ಕಲ್ಲಿನ ನೇರಕ್ಕೆ ಬಂದಾಗ ಗುಂಡಿ ಒತ್ತಬೇಕು.

ಎಲ್ಲ ಕಲ್ಲನ್ನೂ ನಂಬಬೇಡಿ. ಬೈಪಾಸ್ ಆದಲ್ಲಿ, ರಸ್ತೆ ನೇರ ಮಾಡಿದಲ್ಲಿ, ಎರಡು ಗುತ್ತಿಗೆ ಭಾಗ ಸೇರುವಲ್ಲಿ ಒಂದು ಕಿಲೋಮೀಟರ್ ಕುಗ್ಗಿರುತ್ತದೆ ಇಲ್ಲವೇ ಹಿಗ್ಗಿರುತ್ತದೆ. ಪ್ರತಿ ಕಲ್ಲಿಗೂ ಸಮಯ ಬರೆದುಕೊಂಡರೆ ಅಂಥ ಕಲ್ಲು ತಾನಾಗಿ ಸಿಕ್ಕಿಬೀಳುತ್ತದೆ: ಉಳಿದವೆಲ್ಲ 47 ಸೆಕೆಂಡು, ಇದೊಂದು 41.

ಇದಕ್ಕಿಂತ ಮುಖ್ಯವಾದದ್ದು ಓಡೋಮೀಟರ್, ಅಂದರೆ ಓಡಿದ ದೂರ ತೋರಿಸುವ ಮೀಟರ್. ಟ್ರಿಪ್ ಸೊನ್ನೆ ಮಾಡಿ 20 ಕಿ.ಮೀ. ಕಲ್ಲುಗಳ ಲೆಕ್ಕದಲ್ಲಿ ಓಡಿಸಿ, ಟ್ರಿಪ್ ಎಷ್ಟು ತೋರಿಸಿತು ನೋಡಿ. ತಯಾರಕರು ವೇಗವನ್ನು ಏರಿಸಿ ತೋರಿಸುತ್ತಾರೆ, ದೂರವನ್ನು ಸಾಮಾನ್ಯವಾಗಿ ಏರಿಸುವುದಿಲ್ಲ. ದೂರ ಸರಿಯಿದ್ದು ವೇಗ ಮಾತ್ರ ಹೆಚ್ಚಿದ್ದರೆ ಅದು ಕಂಪನಿ ಇಟ್ಟ ಅಂತರ. ಎರಡೂ ಒಂದೇ ಶೇಕಡಾದಷ್ಟು ತಪ್ಪಿದ್ದರೆ ಕಾರಣ ಟೈರಿನಲ್ಲಿದೆ.

ಉತ್ತರ: ಸುತ್ತಳತೆ

ಟೈರಿನ ಲೆಕ್ಕ. 185/65 ಆರ್15: ರಿಮ್ 381 ಮಿ.ಮೀ., ಪಕ್ಕದ ಗೋಡೆಯ ಎತ್ತರ ಟೈರಿನ ಅಗಲ 185ರ 65% ಅಂದರೆ 120.25, ಅದು ಎರಡು ಸಲ. ಒಟ್ಟು ವ್ಯಾಸ 621.5 ಮಿ.ಮೀ. ಇದೇ ರೀತಿ 195/65 ಆರ್15 ವ್ಯಾಸ 634.5. ಹೊಸದಕ್ಕೆ ಹೊಸದು ಹೋಲಿಸಿದರೆ 2.1% ದೊಡ್ಡದು.

ಆದರೆ ನಿಮ್ಮ ಗಾಡಿಯಲ್ಲಿ ಈಗ ಹೊಸ ಟೈರಿಲ್ಲ. ಹೊಸ ಟೈರಿನ ತೋಡು, ಅಂದರೆ ಟ್ರೆಡ್ ಆಳ ಸುಮಾರು 8 ಮಿ.ಮೀ., 1.6ಕ್ಕೆ ಬಂದಾಗ ಬದಲಿಸಲೇಬೇಕು. ಅಷ್ಟು ಸವೆಯುವಷ್ಟರಲ್ಲಿ ವ್ಯಾಸ 12.8 ಮಿ.ಮೀ. ಇಳಿದು ಮೀಟರ್ 2% ಹೆಚ್ಚು ತೋರಿಸತೊಡಗುತ್ತದೆ. ನಿಮ್ಮದು 4 ಮಿ.ಮೀ. ಸವೆದಿದೆ ಎಂದಿಟ್ಟುಕೊಂಡರೆ ಈಗಿನ ವ್ಯಾಸ 613.5. ಅಲ್ಲಿಂದ ಹೊಸ 195/65ಕ್ಕೆ ಜಿಗಿದರೆ ವ್ಯತ್ಯಾಸ 3.4%. ಮುಳ್ಳು 100 ತೋರಿಸುವಾಗ ಈಗ 95 ಇರುವ ನಿಜ ವೇಗ 98ಕ್ಕೆ ಏರುತ್ತದೆ. ಅದೇ ಅಳತೆಯ ಹೊಸ ಟೈರ್ ಹಾಕಿದರೂ 96 ಆಗುತ್ತದೆ, ಅದು ಯಾರ ತಪ್ಪೂ ಅಲ್ಲ.

195/65 ಹಾಕಿದರೂ ಮೀಟರ್ ನಿಜ ವೇಗಕ್ಕಿಂತ ಕೆಳಗೆ ಹೋಗುವುದಿಲ್ಲ, ಆದರೆ ಕಂಪನಿ ಇಟ್ಟ ಅಂತರದ ಬಹುಪಾಲು ತಿಂದುಬಿಡುತ್ತದೆ. ಓಡೋಮೀಟರ್ ಮಾತ್ರ ಕಡಿಮೆ ತೋರಿಸುತ್ತದೆ, ಅದನ್ನು ನೋಡಿ ಮೈಲೇಜ್ ಬಿತ್ತು ಎಂದು ಗಾಬರಿಯಾಗಬೇಡಿ. 205/65 ಬಗ್ಗೆ ಯೋಚಿಸುವುದೂ ಬೇಡ, ಅದು ಮೂಲ ಅಳತೆಗಿಂತ 4.2% ದೊಡ್ಡದು.

ಕಾಗದದ ಲೆಕ್ಕಕ್ಕಿಂತ ನೆಲದ ಲೆಕ್ಕ ಬೇಕೆಂದರೆ: ಗಾಳಿ ಸರಿಯಾದ ಒತ್ತಡಕ್ಕೆ ತುಂಬಿಸಿ, ಚಾಲಕ ಕುಳಿತಿರಲಿ. ಟೈರಿನ ಕೆಳಗೆ ನೆಲ ಮುಟ್ಟಿದ ಜಾಗಕ್ಕೂ ನೆಲಕ್ಕೂ ಸೀಮೆಸುಣ್ಣದಿಂದ ಗುರುತು ಹಾಕಿ, ಸಮತಟ್ಟಾದ ಕಾಂಕ್ರೀಟ್ ಮೇಲೆ ಸ್ಟೀರಿಂಗ್ ನೇರ ಇಟ್ಟು ನಿಧಾನ ತಳ್ಳಿಸಿ. ಐದು ಸುತ್ತು ಮುಗಿದಲ್ಲಿ ಮತ್ತೆ ಗುರುತು. ಟೇಪಿನಲ್ಲಿ ಅಳೆದು ಐದರಿಂದ ಭಾಗಿಸಿ. ವ್ಯಾಸವನ್ನು 3.14ರಿಂದ ಗುಣಿಸಿದಷ್ಟು ಬರುವುದಿಲ್ಲ, ಭಾರಕ್ಕೆ ಟೈರ್ ಒತ್ತಿಕೊಂಡಿರುತ್ತದೆ. ರೇಡಿಯಲ್ ಟೈರಿಗೆ 3.05ರಿಂದ ಗುಣಿಸುವುದು ವಾಡಿಕೆ: ಹೊಸ 185/65ಕ್ಕೆ ಸುಮಾರು 1.896 ಮೀಟರ್, ಐದು ಸುತ್ತಿಗೆ 9.48.

ಉತ್ತರ: ಪೋರ್ಟ್ ಹದಿನಾರು

ಒಬಿಡಿ ಪೋರ್ಟಿಗೆ (ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಜೋಡಣೆ) ಇಎಲ್‌ಎಂ327 ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿದರೆ ಇನ್ನೊಂದು ಅಂಕಿ ಸಿಗುತ್ತದೆ. 0ಡಿ ಸಂಕೇತದಲ್ಲಿ ಬರುವುದು ಗಾಡಿಯ ಕಂಪ್ಯೂಟರಿನ ಬಳಿ ಇರುವ ವೇಗ. ಹಲವು ಗಾಡಿಗಳಲ್ಲಿ ಕ್ಲಸ್ಟರ್ (ಚಾಲಕರ ಮುಂದಿನ ಮೀಟರ್ ಫಲಕ) ಅದಕ್ಕೆ ಸ್ವಲ್ಪ ಸೇರಿಸಿ ಮುಳ್ಳಿಗೆ ಕೊಡುತ್ತದೆ, ಆ ಸೇರಿಕೆ ಎಷ್ಟೆಂದು ಕಣ್ಣಾರೆ ಕಾಣಬಹುದು. ಪೂರ್ಣಾಂಕದಲ್ಲಿ ಮಾತ್ರ ಬರುವುದರಿಂದ 80ರ ಮೇಲೆ ಓದಿ, 30ರಲ್ಲಿ ಪ್ರಯೋಜನವಿಲ್ಲ. ಇದು ಸ್ವತಂತ್ರ ಸಾಕ್ಷಿ ಅಲ್ಲ ಎಂಬುದು ನೆನಪಿರಲಿ, ಅದೇ ಚಕ್ರದ ಸೆನ್ಸರಿನಿಂದ ಬಂದ ಲೆಕ್ಕ. ಟೈರ್ ಬದಲಾದರೆ ಇದೂ ತಪ್ಪುತ್ತದೆ. 80ಕ್ಕೆ ಹೊಡೆಯುವ ಬೀಪ್ ನೋಡಿ ಮೀಟರ್ ಸರಿ ಎನ್ನುವವರಿಗೂ ಇದೇ ಉತ್ತರ. ಪರೀಕ್ಷೆ ಮುಗಿದ ಮೇಲೆ ಅಡಾಪ್ಟರ್ ಕಿತ್ತಿಡಿ, ಬ್ಯಾಟರಿ ಹೀರುತ್ತದೆ.

ಹೆದ್ದಾರಿ48

ಕಲ್ಲಿನ ಲೆಕ್ಕ 20 ಕಿ.ಮೀ., ಟ್ರಿಪ್ 20.2. ಒಬಿಡಿ 96, ಮುಳ್ಳು 100, ಜಿಪಿಎಸ್ 95.

ಉತ್ತರ: ಹಳದಿಕಲ್ಲು

ಹಾಗಾದರೆ 1% ಟೈರ್ ಸವೆತದ್ದು, ಉಳಿದ 4% ಕ್ಲಸ್ಟರ್ ಸೇರಿಸಿದ್ದು. ಎಲ್ಲ ಅಂಕಿಗಳೂ ಒಂದಕ್ಕೊಂದು ಹೊಂದುತ್ತಿವೆ, ರಿಪೇರಿ ಮಾಡುವಂಥದ್ದು ಏನೂ ಇಲ್ಲ. ಸರಿಮಾಡಿ ಎಂದು ಕ್ಲಸ್ಟರ್ ಬಿಚ್ಚಿಸಲು ಹೋಗಬೇಡಿ. ಮುಳ್ಳನ್ನು ಕಿತ್ತು ಮತ್ತೆ ಒತ್ತುವಾಗ ಒಂದು ಗೆರೆ ಆಚೀಚೆ ಕೂತರೆ ಎಲ್ಲ ವೇಗದಲ್ಲೂ ಅಷ್ಟೇ ಕಿ.ಮೀ. ತಪ್ಪು ಅಂಟಿಕೊಳ್ಳುತ್ತದೆ. ಅಂಥ ದೋಷವನ್ನು ಗುರುತಿಸುವುದು ಸುಲಭ: 40, 60, 80, 100 ಎಲ್ಲದರಲ್ಲೂ ಸರಿಯಾಗಿ 5 ಕಿ.ಮೀ. ವ್ಯತ್ಯಾಸ ಬಂದರೆ ಮುಳ್ಳಿನದು, ವೇಗದ ಜೊತೆ ವ್ಯತ್ಯಾಸವೂ ಬೆಳೆದರೆ ಟೈರು ಅಥವಾ ಕ್ಲಸ್ಟರಿನದು.

ಪ್ರಶ್ನೆ: ಹಳೆಗಾಡಿ

ಕೇಬಲ್ ಇರುವ ಹಳೇ ಕಾರುಗಳಿಗೆ? ಮುಳ್ಳು ನಿಧಾನ ವೇಗದಲ್ಲಿ ನಡುಗುತ್ತದೆ.

ಉತ್ತರ: ಮುಳ್ಳುಮೀಟರ್

ನಡುಕಕ್ಕೆ ಮೊದಲ ಶಂಕೆ ಗೇರ್‌ಬಾಕ್ಸಿನಿಂದ ಬಂದು ಮೀಟರನ್ನು ತಿರುಗಿಸುವ ಕೇಬಲ್ ಮೇಲೆ. ಒಳಗಿನ ತಂತಿ ಒಣಗಿದ್ದರೆ ಅಥವಾ ಹೊರಕವಚ ಎಲ್ಲೋ ಬಿಗಿಯಾಗಿ ಬಾಗಿದ್ದರೆ ತಂತಿ ಸಿಕ್ಕಿಕೊಂಡು ಬಿಟ್ಟು ತಿರುಗುತ್ತದೆ. ತಂತಿ ಎಳೆದು ಒರೆಸಿ, ಮೀಟರ್ ಕಡೆಯ ಒಂದು ಗೇಣು ಬಿಟ್ಟು ಉಳಿದದ್ದಕ್ಕೆ ತೆಳುವಾಗಿ ಗ್ರೀಸ್ ಸವರಿ. ಆ ಗೇಣಿಗೂ ಹಚ್ಚಿದರೆ ಗ್ರೀಸ್ ಮೇಲೇರಿ ಮೀಟರಿನೊಳಗೆ ಹೋಗುತ್ತದೆ. ಅಲ್ಲಿ ತಿರುಗುವ ಅಯಸ್ಕಾಂತ ಅಲ್ಯೂಮಿನಿಯಂ ಬಟ್ಟಲನ್ನು ಮುಟ್ಟದೆಯೇ ಎಳೆಯುತ್ತದೆ, ಕೂದಲೆಳೆಯ ಸ್ಪ್ರಿಂಗ್ ಅದನ್ನು ತಡೆದು ಹಿಡಿಯುತ್ತದೆ. ನಡುವೆ ಜಿಡ್ಡು ಹೊಕ್ಕರೆ ಮುಳ್ಳು ಮೇಲಕ್ಕೆ ಎಳೆದುಕೊಳ್ಳುತ್ತದೆ.

ಮೀಟರನ್ನೇ ಪರೀಕ್ಷಿಸಬೇಕೆಂದರೆ ವೇಗ ಬದಲಿಸಬಹುದಾದ ಡ್ರಿಲ್ ಸಾಕು. ಜಪಾನಿ ಮೂಲದ ಮೀಟರುಗಳಲ್ಲಿ ಸಾಮಾನ್ಯವಾಗಿ ಒಂದು ಕಿಲೋಮೀಟರಿಗೆ 637 ಸುತ್ತು. ಅಂದರೆ ಡ್ರಿಲ್ ನಿಮಿಷಕ್ಕೆ 637 ಸುತ್ತು ತಿರುಗುವಾಗ ಮುಳ್ಳು 60ಕ್ಕೆ ಬರಬೇಕು. ಬೇರೆ ಗಾಡಿಗಳದಾದರೆ ಸಂಖ್ಯೆ ಎಷ್ಟೋ ಸಲ ಡಯಲಿನ ಮೂಲೆಯಲ್ಲಿ ಸಣ್ಣಗೆ ಮುದ್ರಿತವಾಗಿರುತ್ತದೆ. ಡ್ರಿಲ್ ತಿರುಗಿಸಿದಾಗ ಮುಳ್ಳು ಸೊನ್ನೆಗಿಂತ ಹಿಂದಕ್ಕೆ ಒತ್ತಿಕೊಂಡರೆ ದಿಕ್ಕು ಉಲ್ಟಾ ಆಗಿದೆ, ತಕ್ಷಣ ನಿಲ್ಲಿಸಿ ತಿರುವಿ. ಮೀಟರ್ ಸರಿ ಬಂದು ರಸ್ತೆಯಲ್ಲಿ ಮಾತ್ರ ತಪ್ಪು ತೋರಿಸಿದರೆ ಗೇರ್‌ಬಾಕ್ಸ್ ಬದಿಯ ಪ್ಲಾಸ್ಟಿಕ್ ಪಿನಿಯನ್ (ಕೇಬಲ್ ತಿರುಗಿಸುವ ಸಣ್ಣ ಹಲ್ಲುಚಕ್ರ) ಬಿಚ್ಚಿ ಹಲ್ಲು ಎಣಿಸಿ. ಬೇರೆ ಗೇರ್‌ಬಾಕ್ಸ್ ಕೂರಿಸಿದ ಗಾಡಿಗಳಲ್ಲಿ ಒಂದು ಹಲ್ಲು ಹೆಚ್ಚುಕಡಿಮೆ ಇರುವುದೇ ಸಾಮಾನ್ಯ ಕಾರಣ. 20 ಹಲ್ಲಿನ ಜಾಗದಲ್ಲಿ 19 ಇದ್ದರೆ ಕೇಬಲ್ ವೇಗವಾಗಿ ತಿರುಗಿ ಮೀಟರೂ ಓಡೋಮೀಟರೂ 5% ಹೆಚ್ಚು ತೋರಿಸುತ್ತವೆ.