ಟ್ಯಾಟೂ: ಕೆಂಪು ಬಣ್ಣ ಇರುವಲ್ಲಿ ಮಾತ್ರ ಊತ, ಕೆರೆತ

ಬೇಕರಿ ಹುಡುಗ, ಹಾಸನ:
ಎಡಗೈ ಮೇಲೆ ದಾಸವಾಳದ ಟ್ಯಾಟೂ ಹಾಕಿಸಿಕೊಂಡು ವರ್ಷವಾಗುತ್ತಾ ಬಂತು. ಗಾಯ ಚೆನ್ನಾಗಿಯೇ ಒಣಗಿತ್ತು. ಈಗ ಕೆಂಪು ತುಂಬಿದ ಎಸಳುಗಳು ಮಾತ್ರ ಉಬ್ಬಿವೆ. ಬೆರಳಾಡಿಸಿದರೆ ಗಂಟುಗಂಟಾಗಿ ಸಿಗುತ್ತವೆ, ಮೇಲೆ ಹೊಟ್ಟು ಏಳುತ್ತಿದೆ. ಪಕ್ಕದ ಕಪ್ಪು ಗೆರೆ, ಹಸಿರು ಎಲೆಗೆ ಏನೂ ಆಗಿಲ್ಲ. ಒಲೆ ಮುಂದೆ ನಿಂತರಂತೂ ಕೆರೆತ ತಡೆಯೋಕೆ ಆಗಲ್ಲ. ಕೀವಿಲ್ಲ, ಜ್ವರವಿಲ್ಲ. ಲೇಸರ್‌ನಲ್ಲಿ ತೆಗೆಸಿಬಿಡಲಾ? ಅಮ್ಮನಿಗೆ ಇಷ್ಟದ ಹೂವು, ಅದಕ್ಕೇ ಮನಸ್ಸು ಬರುತ್ತಿಲ್ಲ.

ಕಾಫಿತೋಟ, ಸಕಲೇಶಪುರ:
ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿ ನೋಡಿ. ಕಡಿಮೆಯಾಗದಿದ್ದರೆ ಮೆಡಿಕಲ್‌ನಲ್ಲಿ ಹುಳುಕಡ್ಡಿ ಕ್ರೀಮ್ ಸಿಗುತ್ತೆ.

ಸಿಸ್ಟರ್, ಚಿಕ್ಕಮಗಳೂರು:
ದಯವಿಟ್ಟು ಆ ಕ್ರೀಮ್ ಬೇಡ. ಅಂಥ ಎಷ್ಟೋ ಕ್ರೀಮ್‌ಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಹಚ್ಚಿದಾಗ ಇಳಿಯುತ್ತದೆ, ಬಿಟ್ಟ ಕೂಡಲೇ ಮರಳುತ್ತದೆ, ಚರ್ಮ ತೆಳುವಾಗುತ್ತದೆ. ಚರ್ಮದ ಒಪಿಡಿಯಲ್ಲಿ ಇಂಥವರನ್ನು ದಿನಾ ನೋಡುತ್ತೇನೆ.

ತಮ್ಮಾ, ನೀನು ಹೇಳಿದ್ದು ಕೆಂಪು ಇಂಕಿನ ಅಲರ್ಜಿಯ ಹಾಗೇ ಇದೆ. ಬಣ್ಣಗಳಲ್ಲಿ ಜಾಸ್ತಿ ಕಾಡುವುದು ಕೆಂಪೇ. ಹಿಂದೆ ಅದರಲ್ಲಿ ಪಾದರಸ ಇರುತ್ತಿತ್ತು, ಈಗ ಹೆಚ್ಚಾಗಿ ಅಜೋ ಅನ್ನೋ ರಾಸಾಯನಿಕ ಬಣ್ಣಗಳು. ಹಾಕಿಸಿಕೊಂಡು ತಿಂಗಳು, ವರ್ಷಗಳಾದ ಮೇಲೂ ದೇಹ ತಿರುಗಿಬೀಳಬಹುದು. ಅಲರ್ಜಿ ಪತ್ತೆಗೆ ಚರ್ಮದ ಮೇಲೆ ಪಟ್ಟಿ ಅಂಟಿಸಿ ನೋಡುವ ಪ್ಯಾಚ್ ಟೆಸ್ಟ್‌ನಲ್ಲಿ ಏನೂ ಕಾಣಿಸಲಿಲ್ಲ ಅಂದ ಮಾತ್ರಕ್ಕೆ ಅಲರ್ಜಿ ಇಲ್ಲ ಅಂತಲ್ಲ.

ಲೇಸರ್‌ಗೆ ಮಾತ್ರ ಈಗ ಹೋಗಬೇಡ, ಕೈ ಮುಗಿದು ಹೇಳ್ತೀನಿ. ಅದು ಬಣ್ಣವನ್ನು ಪುಡಿ ಮಾಡಿ ಮೈಯೊಳಗೆ ಬಿಡುತ್ತದೆ. ಅಲರ್ಜಿ ಇದ್ದವರಿಗೆ ಮೈಯೆಲ್ಲ ಗಂದೆ ಏಳಬಹುದು, ಉಸಿರೇ ಕಟ್ಟಬಹುದು.

ಚರ್ಮದ ಡಾಕ್ಟರಿಗೆ ತೋರಿಸು. ಹಾಸನದಲ್ಲೇ ಇದ್ದೀಯಲ್ಲ, ಸರ್ಕಾರಿ ಆಸ್ಪತ್ರೆ ಹಿಮ್ಸ್‌ನಲ್ಲಿ ಚರ್ಮರೋಗ ವಿಭಾಗ ಇದೆ. ಸಾಮಾನ್ಯವಾಗಿ ಮೊದಲು ಕ್ಲೋಬೆಟಸಾಲ್‌ನಂಥ ಗಟ್ಟಿ ಸ್ಟೀರಾಯ್ಡ್ ಮುಲಾಮು, ಅವರು ಹೇಳಿದಷ್ಟೇ ದಿನ. ದಪ್ಪಗಿದ್ದರೆ ಗಂಟಿನೊಳಗೇ ಟ್ರಯಾಮ್ಸಿನೊಲೋನ್ ಅನ್ನೋ ಸ್ಟೀರಾಯ್ಡ್ ಇಂಜೆಕ್ಷನ್, ಕೆಲವು ವಾರ ಬಿಟ್ಟು ಮತ್ತೊಮ್ಮೆ. ಒಂದು ಚೂರು ಚರ್ಮ ತೆಗೆದು ಬಯಾಪ್ಸಿಗೆ ಕಳಿಸಿದರೆ ಹೆದರಬೇಡ. ಸಾರ್ಕಾಯ್ಡೋಸಿಸ್ ಅನ್ನೋ ಕಾಯಿಲೆ ಕೂಡ ಟ್ಯಾಟೂ ಮೇಲೆ ಹೀಗೇ ಗಂಟು ಕಟ್ಟುತ್ತದೆ, ಅದಲ್ಲ ಅಂತ ಖಾತ್ರಿಯಾಗಬೇಕಲ್ಲ. ಯಾವುದಕ್ಕೂ ಬಗ್ಗದಿದ್ದರೆ ಆ ಕೆಂಪು ಭಾಗವನ್ನಷ್ಟೇ ಕತ್ತರಿಸಿ ತೆಗೆಯುತ್ತಾರೆ.

ಹಾಕಿದವರ ಹತ್ತಿರ ಇಂಕ್ ಬಾಟಲಿ ಇದ್ದರೆ ಲೇಬಲ್ ಫೋಟೋ ತೆಗೆದುಕೊಂಡು ಹೋಗು.

ಮೂಡಿಗೆರೆ ಮಳೆ:
ನನಗೂ ಕೆಂಪಿನದ್ದೇ ಕಾಟ. ಇಂಜೆಕ್ಷನ್ ಚುಚ್ಚುವಾಗ ಜೋರು ನೋವು, ಸುಳ್ಳು ಹೇಳಲ್ಲ. ಆದರೆ ಊತ ಇಳಿಯಿತು, ರಾತ್ರಿ ನಿದ್ದೆ ಬಂತು. ಬಿಸಿಲಿಗೆ ಹೋದರೆ ಈಗಲೂ ಸ್ವಲ್ಪ ಕೆರೆಯುತ್ತೆ, ಅದಕ್ಕೇ ತುಂಬು ತೋಳಿನ ಅಂಗಿ.

ಬೇಕರಿ ಹುಡುಗ, ಹಾಸನ:
ಥ್ಯಾಂಕ್ಸ್ ಅಕ್ಕಾ. ಸೋಮವಾರ ರಜೆ ಕೇಳಿದ್ದೇನೆ, ಹೋಗಿ ತೋರಿಸ್ತೀನಿ. ಇಂಜೆಕ್ಷನ್ ಕೊಟ್ಟರೆ ಹೂವು ಉಳಿಯುತ್ತಾ?

ಸಿಸ್ಟರ್, ಚಿಕ್ಕಮಗಳೂರು:
ಇಂಜೆಕ್ಷನ್ ಇಳಿಸೋದು ಊತವನ್ನು, ಬಣ್ಣ ಒಳಗೇ ಇರುತ್ತೆ. ಹಾಗಾಗಿ ಹೂವು ಉಳಿಯಬಹುದು, ಆದರೆ ಊತ ಮತ್ತೆ ಬರಲೂಬಹುದು. ಅಲ್ಲಿವರೆಗೆ ಉಗುರು ಹಾಕಬೇಡ. ತಣ್ಣೀರು ಬಟ್ಟೆ ಇಟ್ಟುಕೋ. ಇನ್ನೆಲ್ಲೂ ಕೆಂಪು ಇಂಕ್ ಹಾಕಿಸಬೇಡ.