ಸಹಾಯ ಬೇಕು: ಸ್ಟೀಲ್ ಗಿಟಾರ್ ಕಲಿಯೋ ಮಕ್ಕಳ ಕಿವಿ ತಯಾರು ಮಾಡೋದು ಹೇಗೆ?

ನಮಸ್ಕಾರ. ನಾನಿರೋದು ಹವಾಯಿಯ ಓವಾಹು ದ್ವೀಪದಲ್ಲಿ, ಸ್ಟೀಲ್ ಗಿಟಾರ್ ಶುರು ಮಾಡಿದ ಜೋಸೆಫ್ ಕೆಕುಕು ಅವರ ನೆಲ. ಇಲ್ಲಿನ ಹಿರಿಯರೊಬ್ಬರ ಹತ್ತಿರ ಕಲಿತು, ಅವರ ಮಾತಿನಂತೆ ಈಗ ಮೂವರು ಮಕ್ಕಳಿಗೆ ಹೇಳಿಕೊಡ್ತಿದ್ದೀನಿ. ಗುರುಗಳು ನನಗೆ ಏನೂ ಬರೆದುಕೊಟ್ಟವರಲ್ಲ, ಎಲ್ಲ ಕೇಳಿಸಿಯೇ ಕಲಿಸಿದ್ದು.

ಮಕ್ಕಳು ಫ್ರೆಟ್ ಗೆರೆ (ಸ್ವರದ ಜಾಗ ತೋರಿಸೋ ಅಡ್ಡಗೆರೆ) ನೋಡಿ ಬಾರ್ (ತಂತಿ ಮೇಲೆ ಜಾರಿಸೋ ಲೋಹದ ತುಂಡು) ಇಡ್ತಾರೆ. ನೇರ ಇಟ್ಟಾಗ ಸ್ವರ ಸರಿ. ಬಾರ್ ಓರೆ ಮಾಡಿ ಎರಡು ತಂತಿ ಒಟ್ಟಿಗೆ ಮೀಟಿದರೆ ಒಂದು ಚೂರು ಏರಿರುತ್ತೆ, ಅವರಿಗೆ ಗೊತ್ತೇ ಆಗಲ್ಲ. ಟ್ಯಾಬ್ (ಯಾವ ತಂತಿ, ಯಾವ ಗೆರೆ ಅಂತ ಅಂಕಿಯಲ್ಲಿ ತೋರಿಸೋ ಬರಹ) ಬರೆದುಕೊಟ್ಟೆ, ಕಣ್ಣು ಕಾಗದ ಬಿಟ್ಟು ಏಳಲಿಲ್ಲ. ಗೆರೆ ಕಾಣದ ಹಾಗೆ ಬಟ್ಟೆ ಮುಚ್ಚಿದೆ, ಹೆದರಿ ಕೈಯೇ ನಿಂತುಹೋಯ್ತು. ಹಾಡಿಕೊಂಡು ನುಡಿಸಿ ಅಂದೆ. ಒಂಟಿ ಸ್ವರಕ್ಕೆ ಸರಿಹೋಯ್ತು, ಜೋಡಿ ಸ್ವರಕ್ಕೆ ಆಗಲಿಲ್ಲ.

ಗೋಟುವಾದ್ಯ, ಪಿಟೀಲು ಕಲಿಸೋರು ದಯವಿಟ್ಟು ಹೇಳಿ: ಎರಡು ತಂತಿ ಒಂದಕ್ಕೊಂದು ಶ್ರುತಿ ಸೇರಿದ್ದನ್ನು ಹತ್ತು ವರ್ಷದ ಮಗು ಕಿವಿಯಲ್ಲೇ ಗುರುತಿಸೋಕೆ ನೀವು ಯಾವ ಅಭ್ಯಾಸ ಮಾಡಿಸ್ತೀರಿ?