ಅಪ್‌ಡೇಟ್: ಮ್ಯಾಚ್ ಆಗದಿದ್ದರೂ ರೆಸಿಡೆನ್ಸಿ ಸೀಟು ಸಿಕ್ಕಿತು

ಅಮೆರಿಕದಲ್ಲಿ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿಗೆ (ಡಾಕ್ಟರ್ ಆದ ಮೇಲೆ ಆಸ್ಪತ್ರೆಯಲ್ಲಿ ಮಾಡುವ ತರಬೇತಿ) ಮಾರ್ಚ್‌ನ ಸೀಟು ಹಂಚಿಕೆಯಲ್ಲಿ ನನಗೆ ಸೀಟು ಸಿಗಲಿಲ್ಲ, ಅಂದರೆ ಮ್ಯಾಚ್ ಆಗಲಿಲ್ಲ, ಆಮೇಲೆ ಉಳಿದ ಸೀಟುಗಳನ್ನು ತುಂಬುವ ಸೋಪ್‌ನಲ್ಲೂ ಆಫರ್ ಬರಲಿಲ್ಲ, ಮುಂದೇನು ಅಂತ ಈಚೆಗೆ ಕೇಳಿದ್ದೆನಲ್ಲ, ಈಗ ಸೀಟು ಸಿಕ್ಕಿದೆ! ತುಂಬಾ ಖುಷಿಯಾಗಿದ್ದೇನೆ.

ಕೈ ಹಿಡಿದದ್ದು, "ಅಬ್ಸರ್ವರ್‌ಶಿಪ್ ಮಾಡಿಸಿದ ಡಾಕ್ಟರನ್ನೇ ಕೇಳು" ಅಂದ ಅಕ್ಕನ ಸಲಹೆ (ಅಬ್ಸರ್ವರ್‌ಶಿಪ್ ಅಂದರೆ ಡಾಕ್ಟರ ಜೊತೆಗಿದ್ದು ಅವರ ಕೆಲಸ ನೋಡಿ ಕಲಿಯುವುದು). ಕೇಳಿದೆ. ಆ ಡಾಕ್ಟರಿಗೆ ಗೊತ್ತಿದ್ದ ಒಂದು ಆಸ್ಪತ್ರೆಯಲ್ಲಿ, ಆಯ್ಕೆಯಾಗಿದ್ದ ಒಬ್ಬರು ಬರಲಾಗದೆ ಮೊದಲ ವರ್ಷದ ಸೀಟು ಖಾಲಿ ಬಿದ್ದಿತ್ತು. ಡಾಕ್ಟರೇ ಅಲ್ಲಿನ ರೆಸಿಡೆನ್ಸಿ ನಡೆಸುವ ಪ್ರೋಗ್ರಾಮ್ ಡೈರೆಕ್ಟರ್‌ಗೆ ಫೋನ್ ಮಾಡಿದರು. ಸಂಜೆಗೇ ಕೋಆರ್ಡಿನೇಟರ್ ಮೇಲ್ ಬಂತು: "ಇಸಿಎಫ್‌ಎಂಜಿ ಸರ್ಟಿಫಿಕೇಟ್ ಇದೆಯಾ? ವೀಸಾ ಯಾವುದು?" ಮಿಕ್ಕಿದ್ದೆಲ್ಲ ಆಮೇಲೆ. ಹಾಗಾಗಿ ಆ ಸರ್ಟಿಫಿಕೇಟ್ (ಹೊರದೇಶದಲ್ಲಿ ಓದಿದ ಡಾಕ್ಟರುಗಳಿಗೆ ಅಲ್ಲಿ ರೆಸಿಡೆನ್ಸಿಗೆ ಬೇಕಾದ ಅರ್ಹತಾ ಪತ್ರ) ಕೈಯಲ್ಲಿರಲಿ.

ಎಲ್ಲ ಪ್ರೋಗ್ರಾಮ್‌ಗಳಿಗೂ ಒಂದೇ ಮೇಲ್ ಕಳಿಸಿದ್ದು ಕೆಲಸಕ್ಕೆ ಬರಲಿಲ್ಲ. ಪ್ರಿಲಿಮಿನರಿ ಸರ್ಜರಿ ಅನ್ನುವ ಸೀಟುಗಳನ್ನು ನಾನು ಬಿಟ್ಟೆ. ಅದು ಒಂದೇ ವರ್ಷದ್ದು, ಮತ್ತೆ ಸೀಟು ಹುಡುಕಬೇಕು.

ಗೊತ್ತಿಲ್ಲದಿದ್ದ ಒಂದು ವಿಷಯ: ಸೋಪ್ ನಡೆಯುವಾಗ ನಾವಾಗಿ ಪ್ರೋಗ್ರಾಮ್‌ನವರನ್ನು ಸಂಪರ್ಕಿಸುವಂತಿಲ್ಲ, ಅವರೇ ಮೊದಲು ಕರೆಯಬೇಕು. ನಮ್ಮ ಪರವಾಗಿ ಬೇರೆಯವರು ಫೋನ್ ಮಾಡುವಂತೆಯೂ ಇಲ್ಲ. ಸೋಪ್ ಮುಗಿದ ಮೇಲೆ ಆ ತಡೆ ಇಲ್ಲ. ಆಗಲೂ ಸೀಟು ಖಾಲಿ ಆಗುತ್ತಿರುತ್ತವೆ, ಸುಮ್ನೆ ಕೂರಬೇಡಿ.

ಜೆ-1 ವೀಸಾದಲ್ಲಿ (ಇಂಥ ತರಬೇತಿಗೆ ಬರುವವರಿಗೆ ಅಮೆರಿಕ ಕೊಡುವ ಒಂದು ವೀಸಾ) ಹೋಗುವವರಿಗೆ ಇನ್ನೊಂದು ಮಾತು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯದಿಂದ 'ಸ್ಟೇಟ್‌ಮೆಂಟ್ ಆಫ್ ನೀಡ್', ಅಂದರೆ ಈ ವಿಭಾಗದ ಡಾಕ್ಟರುಗಳು ದೇಶಕ್ಕೆ ಬೇಕು ಅನ್ನುವ ಪತ್ರ ಬೇಕು. ಸೀಟು ಖಚಿತವಾದ ದಿನವೇ ಅದರ ಕೆಲಸ ಶುರು ಮಾಡಿ. ನನ್ನದು ಇನ್ನೂ ಬರಬೇಕು.